ತವರಿಗೆ ಕಳಿಸುವ ಕಾಯಿಲೆ

ನಮ್ಮ ಕಡೆ ಹೆಂಗಸರ ಕಾಯಿಲೆಯಲ್ಲಿ ಎರಡು ಜಾತಿ. ಕಷಾಯ ಕುಡಿದು ಮತ್ತೆ ಒಲೆ ಮುಂದೆ ಕೂರುವಂಥದ್ದು ಒಂದು, ತವರಿಗೆ ಕಳಿಸುವಂಥದ್ದು ಇನ್ನೊಂದು. ಮೊದಲನೆಯದನ್ನು ಯಾರೂ ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡನೆಯದು ಬಂತೋ, ಗಂಡನ ಮನೆಯವರು ಬಸ್ಸಿನ ಹೊತ್ತು ವಿಚಾರಿಸಲು ಶುರುಮಾಡುತ್ತಾರೆ. ‘ಅವರಮ್ಮನ ಮನೇಲಿ ಒಂದಷ್ಟು ದಿವ್ಸ ಸುದಾರಿಸ್ಕಂಡು ಬರ್ಲಿ’ ಎನ್ನುತ್ತಾರೆ. ಕೇಳಿದವರಿಗೆ ಅದು ಕರುಣೆಯ ಮಾತಿನಂತೆಯೇ ಕೇಳಿಸುತ್ತದೆ.

ನನ್ನ ತವರು ಶಾಂತಿಗ್ರಾಮ. ನಾನು ಚಿಕ್ಕವಳಿದ್ದಾಗ ನಮ್ಮಪ್ಪನ ತಂಗಿ ತಾಯಮ್ಮ ಹೀಗೇ ಸುಧಾರಿಸಿಕೊಳ್ಳಲು ಗಂಡನ ಮನೆಯಿಂದ ಬಂದಳು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದಳು. ಅವಳ ಉಪಚಾರವೆಲ್ಲ ನಮ್ಮಮ್ಮನದು. ಅವಳ ಗಂಡ ಮೊದಮೊದಲು ಬಂದು ಬಾಗಿಲಲ್ಲೇ ನಿಂತು ‘ಎಂಗಿದ್ದೀಯೆ?’ ಅಂತ ಕೇಳಿ, ಉಂಡು ಹೋಗುತ್ತಿದ್ದ. ಆಮೇಲೆ ಬರುವುದು ನಿಂತಿತು. ಆಮೇಲೆ ಅವನಿಗೆ ಇನ್ನೊಂದು ಮದುವೆಯಾಯಿತೆಂದು ಸುದ್ದಿ ಬಂತು. ಆ ಸುದ್ದಿಯನ್ನು ತಾಯಮ್ಮನಿಗೆ ಯಾರೂ ಹೇಳಲಿಲ್ಲ. ಆದರೂ ಅವಳು ಊಟ ಬಿಟ್ಟಳು. ಅವಳನ್ನು ಮಣ್ಣು ಮಾಡಿದ್ದು ನಮ್ಮ ಹೊಲದ ಬದಿಯಲ್ಲೇ.

ಇದನ್ನೆಲ್ಲ ಕಂಡ ನನಗೆ, ನನ್ನ ಮಗಳಿನ್ನೂ ಬಾಲವಾಡಿಗೆ ಹೋಗುತ್ತಿದ್ದ ಕಾಲದಲ್ಲಿ, ಆ ಎರಡನೇ ಜಾತಿಯ ಕಾಯಿಲೆಯೇ ಬಂತು ನೋಡಿ.

ನನ್ನನ್ನು ಕೊಟ್ಟದ್ದು ಅರಕಲಗೂಡು ತಾಲ್ಲೂಕಿನ, ರಾಮನಾಥಪುರಕ್ಕೆ ಹತ್ತಿರದ ಒಂದು ಹಳ್ಳಿಗೆ. ತಂಬಾಕು ಬೆಳೆಯುವ ಮನೆ. ಸೊಪ್ಪು ಮುರಿಯುವ ಕಾಲದಲ್ಲಿ ನಮ್ಮೂರಲ್ಲಿ ಯಾರಿಗೂ ಮೈಮೇಲೆ ಜ್ಞಾನ ಇರುವುದಿಲ್ಲ. ಗಂಡಸರು ಹೊಲದಿಂದ ಹಸಿ ಸೊಪ್ಪು ತಂದು ಹಾಕುತ್ತಾರೆ, ಹೆಂಗಸರು ಅದನ್ನು ಕಡ್ಡಿಗೆ ಕಟ್ಟುತ್ತೇವೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ತೂಗುಹಾಕಿ, ಕೆಳಗೆ ಸೌದೆ ಉರಿ ಹಾಕಿ ಬೇಯಿಸುತ್ತಾರೆ. ಉರಿ ಒಂದಿಷ್ಟು ಹೆಚ್ಚಾದರೆ ಸೊಪ್ಪು ಕರಿ, ಕಡಿಮೆಯಾದರೆ ಹಸಿರು. ಹಾಗಾಗಿ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ನಮ್ಮ ಯಜಮಾನರು ಮನೆಗೆ ಬರುವುದೇ ಇಲ್ಲ. ಗೋಡೆಯ ಪುಟ್ಟ ಗಾಜಿನಲ್ಲಿ ಥರ್ಮಾಮೀಟರ್ ನೋಡುತ್ತ, ಸೌದೆ ಒಟ್ಟುತ್ತ, ಊಟವನ್ನೂ ಅಲ್ಲೇ ಮಾಡುತ್ತ, ಎಳೇ ಬಾಣಂತಿಯನ್ನು ಕಾಯುವಂತೆ ಅದನ್ನು ಕಾಯುತ್ತಾರೆ.

ಹಸಿ ಸೊಪ್ಪಿನ ಅಂಟು ಮೈಗೆ ಹತ್ತಿದರೆ ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ‘ಸೊಪ್ಪು ಹಿಡಿದಿದೆ’ ಎನ್ನುತ್ತೇವೆ. ಊರಿಗೆ ಊರೇ ಅನುಭವಿಸುವ ತೊಂದರೆ. ಹಾಗಾಗಿ ಆ ವರ್ಷ ನನಗೆ ತಲೆನೋವು ಶುರುವಾಗಿ, ತಿಂದದ್ದು ನಿಲ್ಲದೆ ಹೋದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ. ಅತ್ತೆ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಕೊಟ್ಟರು. ‘ಸೊಪ್ಪು ಇಡ್ದದೆ ಕಣಮ್ಮಿ. ಮಜ್ಜಿಗೆ ಕುಡಿ, ಇಳಿತದೆ’ ಎಂದರು. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಆಳುಗಳಿಗೆ ಮುದ್ದೆ ತಿರುವಿ ಹಾಕಿ, ತಲೆಗೊಂದು ಬಟ್ಟೆ ಬಿಗಿದು ಮತ್ತೆ ಸೊಪ್ಪು ಕಟ್ಟಲು ಕೂರುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಾವೂ ಹಾಗೆ ಮಾಡುತ್ತಿದ್ದೆವು.

ಒಂದು ಬೆಳಗ್ಗೆ ಎದ್ದರೆ ಎಲ್ಲವೂ ಎರಡೆರಡು. ಎರಡು ಒಲೆ, ಎರಡು ಬಾಗಿಲು. ಬ್ಯಾರನ್ ಹತ್ತಿರ ಬುತ್ತಿ ಕೊಡಲು ಹೋದರೆ ಪಕ್ಕಪಕ್ಕದಲ್ಲಿ ಇಬ್ಬರು ಗಂಡಂದಿರು ನಿಂತಿದ್ದಾರೆ. ಅಯ್ಯೋ ಶಿವನೇ, ಒಬ್ಬನೇ ಸಾಕಾಗಿತ್ತಲ್ಲಪ್ಪ ಎಂದು ನಗು ಬಂತು. ಯಾವ ಕೈಗೆ ಬುತ್ತಿ ಕೊಡುವುದೆಂದು ಗೊತ್ತಾಗದೆ ನಿಂತೆ. ಬುತ್ತಿ ಕೆಳಗೆ ಬಿತ್ತು. ಹಿಂದೆಯೇ ನಾನೂ ಬಿದ್ದೆ.

ಅರಕಲಗೂಡಿನಲ್ಲಿ ನೋಡಿದ ಡಾಕ್ಟರು ಕೈಯನ್ನೂ ಹಿಡಿಯದೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಹಾಸನದ ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಕುತ್ತಿಗೆ ಬಗ್ಗಿಸಲು ನೋಡಿದರು, ಅದು ಬಗ್ಗಲಿಲ್ಲ. ತಲೆನೋವು ಯಾವಾಗಿಂದ ಎಂದು ಇವರನ್ನು ಕೇಳಿದರು. ಇವರು ಬಹಳ ಯೋಚನೆ ಮಾಡಿ, ‘ಎರಡ್ನೇ ಬ್ಯಾರನ್ ತುಂಬ್ದಾಗಿಂದ ಇರ್ಬೇಕು ಸಾ’ ಎಂದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಇವರ ಮುಖ ನೋಡಿದರು.

ಬೆನ್ನಿನಿಂದ ನೀರು ತೆಗೆದು ನೋಡಬೇಕೆಂದರು. ವಾರ್ಡಿನಲ್ಲಿ ಆಗಲೇ ಗುಸುಗುಸು. ‘ಬೆನ್ನಿಗೆ ಸೂಜಿ ಆಕುಸ್ಕಂಡೋರು ಮತ್ತೆ ನಡೆಯಾಕಿಲ್ಲ.’ ನಾನು ಮಂಚದ ಕಂಬಿ ಹಿಡಿದು ಬೇಡ ಬೇಡ ಎಂದು ಕಿರುಚಿದೆನಂತೆ. ಅದು ನನಗೆ ನೆನಪಿಲ್ಲ. ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಿಸಿ ಮಲಗಿಸಿದ್ದು, ಬೆನ್ನ ಮೇಲೆ ತಣ್ಣಗೆ ಏನೋ ಸವರಿದ್ದು ಮಾತ್ರ ನೆನಪಿದೆ. ಮಿದುಳಿನ ಪೊರೆಗೆ ಕ್ಷಯ ಎಂದರು. ಕ್ಷಯ ಎಂದರೆ ಕೆಮ್ಮು ಎಂದು ತಿಳಿದಿದ್ದವಳು ನಾನು, ಕೆಮ್ಮದೇ ಇದ್ದ ನನಗೆ ಅದು ತಲೆಯೊಳಗೇ ಹೋಗಿ ಕೂತಿತ್ತು.

ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ. ಪ್ರತಿ ಮಂಚದ ಪಕ್ಕದಲ್ಲೂ ಒಬ್ಬಳು ಅಮ್ಮ, ಅಕ್ಕ, ನಾದಿನಿ, ಸೊಸೆ. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಬನ್ನು, ಎಳನೀರು ಹಿಡಿದ ಗಂಡಸರು ಬರುತ್ತಿದ್ದರು. ಮಂಚದ ತುದಿಯಲ್ಲಿ ಕೂತು ಫ್ಯಾನು ನೋಡುತ್ತಿದ್ದರು. ಗಂಟೆ ಹೊಡೆದೊಡನೆ ಎದ್ದು ಹೊರಡುತ್ತಿದ್ದರು, ಇಸ್ಕೂಲು ಬಿಟ್ಟ ಹುಡುಗರ ಹಾಗೆ. ಪಕ್ಕದ ಮಂಚದಲ್ಲಿ ಮಗಳನ್ನು ನೋಡಿಕೊಳ್ಳುತ್ತಿದ್ದ ಸಾಲಗಾಮೆಯ ಅಜ್ಜಿಯೊಬ್ಬರು ನನ್ನ ತಲೆಯನ್ನೂ ಬಾಚುತ್ತಿದ್ದರು, ವಾಂತಿಗೆ ಬೇಸಿನ್ನೂ ಹಿಡಿಯುತ್ತಿದ್ದರು. ‘ಗಂಡಸ್ರು ಬರಾದು ನೋಡಕ್ಕೆ, ನಾವಿರಾದು ಮಾಡಕ್ಕೆ ಕಣವ್ವ’ ಎಂದರು ಒಂದು ದಿನ. ಆ ಅಜ್ಜಿಯ ಋಣ ನಾನು ತೀರಿಸಲಾರೆ.

ನನ್ನ ಬಳಿ ಇದ್ದವರು ನಮ್ಮತ್ತೆ. ಅವರಿಗೂ ಸೊಂಟನೋವು, ನೆಲದ ಮೇಲೆ ಮಲಗಬೇಕು, ಮೇಲಾಗಿ ಊರಲ್ಲಿ ಮೊಮ್ಮಗಳು, ಎಮ್ಮೆ, ಹೊಲದಲ್ಲಿ ನಿಂತ ಸೊಪ್ಪು. ದಿನ ಹೋದಂತೆ ಅವರ ಮಾತು ಕಡಿಮೆಯಾಯಿತು. ಇವರು ಬಂದಾಗ ಇಬ್ಬರೂ ಬಾಗಿಲಾಚೆ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಕರೆದರೆ ಮಾತು ನಿಲ್ಲುತ್ತಿತ್ತು. ಜ್ವರಕ್ಕಿಂತ ನನಗೆ ಆ ಪಿಸುಮಾತಿನ ಭಯ ಹೆಚ್ಚಾಯಿತು.

ಮನೆಗೆ ಹೋಗಬಹುದು, ದಿನಾ ಇಂಜೆಕ್ಷನ್ನು, ಮಾತ್ರೆ ವರ್ಷ ದಾಟಿದರೂ ಬಿಡಬಾರದು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಊರಿನಿಂದ ನನ್ನ ಬಟ್ಟೆ ತರಿಸಿದ್ದರು. ಚೀಲ ಅಲ್ಲ, ಟ್ರಂಕು. ಆಗಿನ್ನೂ ನನಗೆ ಗೋಡೆ ಹಿಡಿಯದೆ ನಿಲ್ಲಲು ಆಗುತ್ತಿರಲಿಲ್ಲ. ಉಟ್ಟುಕೊಳ್ಳಲು ಸೀರೆ ತೆಗೆಯಲೆಂದು ಅಜ್ಜಿ ಟ್ರಂಕಿನ ಮುಚ್ಚಳ ಎತ್ತಿದರು. ಒಳಗೆ ದಿನಾ ಉಡುವ ಸೀರೆಗಳ ಕೆಳಗೆ ನನ್ನ ಧಾರೆ ಸೀರೆ ಇತ್ತು. ನನ್ನಮ್ಮ ಕೊಟ್ಟ ಕುಂಕುಮದ ಬಟ್ಟಲಿತ್ತು. ಮದುವೆಯಾಗಿ ಬಂದಾಗ ನಾನು ಏನೇನು ತಂದಿದ್ದೆನೋ ಅದೆಲ್ಲ ಇತ್ತು.

ಸುಧಾರಿಸಿಕೊಂಡು ಬರುವವಳಿಗೆ ಧಾರೆ ಸೀರೆ ಯಾಕೆ? ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿದರೆ ತಾಯಮ್ಮನನ್ನು ಮಣ್ಣು ಮಾಡಿದ ಹೊಲದ ಬದಿ ಕಾಣಿಸಿತು.

ಹಾಸನದಿಂದ ಶಾಂತಿಗ್ರಾಮಕ್ಕೆ ಚನ್ನರಾಯಪಟ್ಟಣದ ಬಸ್ಸು ಹತ್ತಿದರೆ ಕೂತ ಜಾಗ ಬಿಸಿಯಾಗುವುದರೊಳಗೆ ಇಳಿಯಬೇಕು, ಅಷ್ಟು ಹತ್ತಿರ. ನನ್ನನ್ನು ಕರೆದೊಯ್ಯಲು ಅಣ್ಣನ ಹೆಂಡತಿ ಪುಟ್ಟಲಕ್ಷ್ಮತ್ತಿಗೆ ಬಂದರು. ಅಣ್ಣ ಬಂದಿರಲಿಲ್ಲ, ಡೈರಿಯಲ್ಲಿ ಏನೋ ಮೀಟಿಂಗು. ಅತ್ತಿಗೆ ಒಳಗೆ ಬಂದವರೇ ಮೊದಲು ನನ್ನನ್ನಲ್ಲ, ಟ್ರಂಕನ್ನು ನೋಡಿದರು. ಎತ್ತಿ ಭಾರ ನೋಡಿ ಕೆಳಗಿಟ್ಟರು. ಆಮೇಲೆ ಹೊರಗೆ ಜಗಲಿಯಲ್ಲಿ ನಿಂತಿದ್ದ ಇವರ ಹತ್ತಿರ ಹೋದರು. ಬಾಗಿಲು ತೆರೆದೇ ಇತ್ತು. ನಾನು ಎಲ್ಲವನ್ನೂ ಕೇಳಿಸಿಕೊಂಡೆ.

‘ಅಣ್ಣಾ, ಎಷ್ಟ್ ದಿವ್ಸಕ್ಕೆ ಕಳುಸ್ತಿದ್ದೀರ ಇವಳ್ನ?’

‘ಅಂಗಂದ್ರೆ? ವಾಸಿ ಆಗಗಂಟ.’

‘ವಾಸಿ ಆಗ್ಲಿಲ್ಲ ಅಂದ್ರೆ?’

ಅತ್ತೆ ನಡುವೆ ಬಂದರು. ‘ಇದೇನವ್ವ ಇಂಗಂತೀಯ? ಎತ್ತೋರ ಮನೇಲಿ ಆರೈಕೆ ಆಗ್ಲಿ ಅಂತ ತಾನೆ?’

‘ಎತ್ತವ್ವ ಪಾರ್ಶ್ವ ಒಡ್ದು ಮಲ್ಗವ್ರೆ. ಮೂರು ವರ್ಷದಿಂದ ಅವರದ್ದೆಲ್ಲ ನಾನೇ ಎತ್ತಾದು. ಈಗ ಇವಳ್ದೂ ನಾನೇ ಎತ್ಬೇಕು. ಕೊಟ್ಟ ಹೆಣ್ಣು ಕುಲಕ್ಕೆ ವರಗೆ ಅಂತೀರಿ, ಕಾಯಿಲೆ ಬಂದ್ರೆ ಮಾತ್ರ ವಳಗಾ? ಬೇಜಾರ್ ಮಾಡ್ಕಬೇಡಿ ಅಣ್ಣಾ. ನಾನು ಕರ್ಕಂಡೋಗಾಕಿಲ್ಲ. ನಿಮ್ಮೆಡ್ತಿ. ನೀವು ನೋಡ್ಕಳಿ.’

‘ನಾನು ಗಂಡ್ಸು, ನಂಗೇನ್ ಬತ್ತದವ್ವ?’

‘ತಂಬಾಕ್ ಸೊಪ್ಪು ಕಾಯಾಕೆ ಬತ್ತದಲ್ಲ?’

ಅತ್ತಿಗೆಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ತವರಿಗೆ ಹೋಗಲು ಭಯವಿತ್ತು ನಿಜ, ಆದರೆ ಅದರ ಬಾಗಿಲೂ ಮುಚ್ಚಿತಲ್ಲ! ಅವರು ಒಳಗೆ ಬಂದಾಗ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಹಾಳಾಗಿ ಹೋಗು ಎಂದು ಮನಸ್ಸಿನಲ್ಲೇ ಬೈದೆ. ಅವರು ಟ್ರಂಕಿನ ಮೇಲೆ ಕೂತರು. ಇವರು ಹೊರಗೆ ಹೋದವರು ಬರಲೇ ಇಲ್ಲ. ವಾರ್ಡಿನ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಿರುಗಿ ನೋಡುತ್ತಿದ್ದೆ. ಊಟದ ಹೊತ್ತು ಹೋಯಿತು, ಬಿಸಿಲು ಕಿಟಕಿ ದಾಟಿತು. ಅತ್ತೆ ಊರಿನ ಬಸ್ಸು ಹತ್ತಿ ಹೋಗಿಬಿಟ್ಟರು. ಇವರೂ ಅವರ ಜೊತೆ ಹೋಗಿಬಿಟ್ಟಿದ್ದಾರೆ ಎಂದು ನಾನು ಖಚಿತ ಮಾಡಿಕೊಂಡೆ. ಅತ್ತಿಗೆ ಮಾತ್ರ ಅಲ್ಲಾಡಲಿಲ್ಲ.

ಸಂಜೆಗೆ ಇವರು ಬಂದರು. ಮುಖ ಕರ್ರಗಾಗಿತ್ತು. ಅತ್ತಿಗೆಯ ಮುಖ ನೋಡಲಿಲ್ಲ. ‘ಏಳು, ಊರಿಗೋಗಾಕೆ ವ್ಯಾನು ಬಂದದೆ’ ಎಂದರು. ಟ್ರಂಕನ್ನು ತಾವೇ ಹೊತ್ತರು. ಹೊರಡುವ ಮುಂಚೆ ಡಾಕ್ಟರು ಇವರನ್ನು ಕೂರಿಸಿಕೊಂಡು ಯಾವ ಮಾತ್ರೆ ಎಷ್ಟು, ಏನಾದರೆ ಹೆದರಬಾರದು, ಏನಾದರೆ ಓಡಿ ಬರಬೇಕು ಎಂದೆಲ್ಲ ಹೇಳಿದರು. ಇವರು ತಲೆಯಾಡಿಸಿದರು.

ಊರಲ್ಲಿ ನನ್ನ ಆರೈಕೆಯನ್ನು ಇವರು ಪ್ರೀತಿಯಿಂದ ಮಾಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿನಿಂದ ಮಾಡಿದರು. ಬೆಡ್‌ಪ್ಯಾನನ್ನು ಮೊದಲ ಸಲ ಹಿಡಿದಾಗ ಮುಖ ಆಚೆ ತಿರುಗಿಸಿದರು, ಅರ್ಧ ನೆಲಕ್ಕೆ ಚೆಲ್ಲಿತು. ಮುದ್ದೆ ಮಾಡಿದರೆ ಒಳಗೆ ಹಿಟ್ಟು ಗಂಟು. ನನ್ನ ಜಡೆ ಹಾಕಲು ಬರದೆ ಹಗ್ಗ ಹೊಸೆದಂತೆ ಹೊಸೆದು ಗಂಟು ಹಾಕಿದರು. ಸೀರೆ ಒಗೆದು ಹಿತ್ತಲಲ್ಲಿ ಹರವಿದರೆ ಬೇಲಿಯಾಚೆಯಿಂದ ಒಬ್ಬ, ‘ಏನ್ಲಾ, ಎಡ್ತಿ ಸೀರೆ ನಿಂಗೇ ಒಪ್ತದೆ ಬುಡು’ ಎಂದು ಕೂಗಿದ. ಅವತ್ತು ಇವರು ಊಟ ಮಾಡಲಿಲ್ಲ. ಮಾರನೆಯ ದಿನ ಮತ್ತೆ ಒಗೆದರು. ಆ ವರ್ಷ ಕೊನೆಯ ಬ್ಯಾರನ್ನಿನ ಉರಿಯನ್ನು ಬೇರೆಯವರ ಕೈಗೆ ಬಿಟ್ಟಿದ್ದರಿಂದ ಸೊಪ್ಪು ಕರಿ ತಿರುಗಿತು. ಅದಕ್ಕೂ ನನ್ನ ಮೇಲೇ ಸಿಡುಕಿದರು.

ಅತ್ತೆಗೆ ಅದು ನೋಡಲಾಗದ ನೋಟ. ಮಗ ಸೊಸೆಯ ಹೇಲು ಬಾಚುವುದೆಂದರೇನು! ಒಂದು ದಿನ ನನ್ನ ತಲೆದಿಂಬಿನ ಹತ್ತಿರ ಕೂತು ಅಂದರು: ‘ನಿಮ್ಮಾವ ಬಿದ್ದಾಗ ಎಲ್ಲಾನೂ ನಾನೇ ಎತ್ತಿದ್ನಲ್ಲೇ. ನಾನು ಜರ ಬಂದು ಬಿದ್ದಿದ್ರೆ ಒಂದ್ ಲೋಟ ನೀರು ಕೊಟ್ಟೋರಿಲ್ಲ. ನಿಂಗೇನ್ ಪುಣ್ಯ ಅಂಟ್ಕಂಡದೆ?’ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಅಳು ಬಂತು. ಆದರೆ ಭಯ ಹೋಗಲಿಲ್ಲ. ಮನೆಗೆ ಬಂದ ನೆಂಟರು ನನ್ನ ಕಡೆ ಒಂದು ಕಣ್ಣು ಹಾಯಿಸಿ, ಇವರ ವಯಸ್ಸೆಷ್ಟೆಂದು ಅತ್ತೆಯನ್ನು ಕೇಳುತ್ತಿದ್ದರು. ಯಾಕೆ ಕೇಳುತ್ತಾರೆಂದು ನನಗೆ ಗೊತ್ತಿತ್ತು.

ತಂಬಾಕು ಹರಾಜು ಶುರುವಾದಾಗ ಇವರು ಬೆಳಗ್ಗೆ ರಾಮನಾಥಪುರಕ್ಕೆ ಹೋದರೆ ಸಂಜೆಗೆ ಬರುತ್ತಿದ್ದರು. ಮಾತ್ರೆ, ಊಟ, ಬೆಡ್‌ಪ್ಯಾನು, ಎಲ್ಲವೂ ಅತ್ತೆಯ ಪಾಲಿಗೆ. ಅಷ್ಟರಲ್ಲಿ ನನಗೆ ಮತ್ತೆ ತಲೆನೋವು ಕಾಣಿಸಿತು. ಮೊದಲು ಹಣೆಯಲ್ಲಿ, ಆಮೇಲೆ ಕುತ್ತಿಗೆಯಲ್ಲಿ. ಸಂಜೆಯ ಬಿಸಿ ತಿರುಗಿ ಬಂತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಸಲ ಟ್ರಂಕು ಹೊರಟೇ ಹೊರಡುತ್ತದೆ ಎಂದುಕೊಂಡು ಹಲ್ಲು ಕಚ್ಚಿ ಮಲಗಿದೆ.

ಒಂದು ಸಂಜೆ ಇವರು ಹರಾಜಿನಿಂದ ಬಂದು, ಅಂಗಿ ಬಿಚ್ಚಿಟ್ಟು, ಅತ್ತೆ ಅವತ್ತು ಚೆಲ್ಲದೆ ಬಿಟ್ಟಿದ್ದ ಬೆಡ್‌ಪ್ಯಾನ್ ಎತ್ತಿಕೊಂಡು ಹಿತ್ತಲಿಗೆ ಹೋದರು. ಸುರಿದ ಸದ್ದು ಬರಲಿಲ್ಲ. ತಿರುಗಿ ಒಳಗೆ ಬಂದರು, ಪ್ಯಾನು ಕೈಯಲ್ಲೇ ಇತ್ತು. ಅದನ್ನು ದೀಪದ ಕೆಳಗೆ ಹಿಡಿದು ನೋಡಿದರು.

‘ಅವ್ವಾ, ಕೆಂಪ್ ಮಾತ್ರೆ ಕೊಟ್ಟಿದ್ದೀಯಾ?’

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಲೆಯ ಕಡೆ ತಿರುಗಿದರು.

‘ಉಚ್ಚೆ ಕೆಂಪಗಿರ್ಬೇಕು. ಬೆಳ್ಳಗದೆ. ಕೊಟ್ಟಿದ್ದೀಯೋ ಇಲ್ವೋ ಅದ್ನೇಳು!’

‘ರಕ್ತ ಕಣ್ಲಾ ಅದು!’ ಎಂದು ಅತ್ತೆ ಗೋಳೋ ಎಂದರು. ‘ದಿನಾ ಅವಳ ಮೈಯಾಗಿನ ರಕ್ತವೆಲ್ಲ ಬಸ್ದು ಓಯ್ತಾ ಇತ್ತು. ಆ ಕೆಂಪ್ ಮಾತ್ರೆ ಬಿಟ್ಟ್ರೆ ನಿಲ್ತದೆ ಅಂತ ತೆಗ್ದಿಟ್ಟೆ. ನಿಂತೋಯ್ತು ನೋಡು, ನಾನೇ ಉಳಿಸ್ದೆ ಅವಳ್ನ!’

ತೆಗೆದ ಮಾತ್ರೆಗಳು ಅಕ್ಕಿ ಡಬ್ಬದಲ್ಲಿದ್ದವು. ಒಂದು ಎರಡಾಗಿ ಕಾಣುವ ನನ್ನ ಕಣ್ಣಿಗೆ ಅಂಗೈಯಲ್ಲಿ ಮಾತ್ರೆ ಕಡಿಮೆಯಾದದ್ದು ಗೊತ್ತಾಗಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹಾಸನದಲ್ಲಿದ್ದೆವು. ಡಾಕ್ಟರು ಬೈದರು. ಇನ್ನಷ್ಟು ದಿನ ಹೋಗಿದ್ದರೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದರು. ಆ ಮಾತ್ರೆಗೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಹೇಳಿದ್ದು ಇವರಿಗೆ. ನಮ್ಮ ಮನೆಗಳಲ್ಲಿ ಯಾವಾಗಲೂ ಹೀಗೇ. ಡಾಕ್ಟರ ಮಾತು ಕೇಳುವುದು ಗಂಡಸು, ಪಾತ್ರೆ ಎತ್ತುವುದು ಹೆಂಗಸು. ಕೇಳಿದವನಿಗೆ ಕಾಣುವುದಿಲ್ಲ, ಕಂಡವಳಿಗೆ ಯಾರೂ ಹೇಳಿರುವುದಿಲ್ಲ. ಆವತ್ತು ಕೇಳಿದವರೂ ಎತ್ತಿದವರೂ ಒಬ್ಬರೇ ಆಗಿದ್ದರು, ನಾನು ಉಳಿದೆ. ಅತ್ತೆಯನ್ನು ದೂರಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ವರ್ಷದ ಮೇಲೆ ಮಾತ್ರೆ ನಿಂತಿತು. ಕಣ್ಣು ಸರಿಹೋಯಿತು. ಇಂಜೆಕ್ಷನ್ನುಗಳು ಎಡಗಿವಿಯನ್ನು ತೆಗೆದುಕೊಂಡು ಹೋದವು, ಅಲ್ಲಿ ಈಗಲೂ ಜೀರುಂಡೆಯ ಸದ್ದಿದೆ. ಅಭ್ಯಾಸವಾಗಿದೆ. ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ ನಂದು, ಸಂಜೆಯ ಅಡುಗೆ ಇವರದು. ಮುದ್ದೆ ಈಗ ನನಗಿಂತ ಚೆನ್ನಾಗಿ ತಿರುವುತ್ತಾರೆ, ಒಪ್ಪಿಕೊಳ್ಳುತ್ತೇನೆ. ಅತ್ತಿಗೆಯ ಮೇಲಿನ ಕೋಪ ಯಾವಾಗ ಕರಗಿತೋ ಗೊತ್ತಿಲ್ಲ. ಅಮ್ಮನ ತಿಥಿಗೆ ಹೋದಾಗ ಅವರ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಅವರು, ‘ಬುಡು, ಕೈ ನೋಯ್ತದೆ’ ಎಂದು ನಕ್ಕರು.

ಕೆಲವು ವರ್ಷಗಳ ಮೇಲೆ ಅತ್ತಿಗೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತೆಂದು ಅಣ್ಣ ಫೋನು ಮಾಡಿದ. ನಾನೂ ಇವರೂ ಹಣ್ಣು ಹಿಡಿದುಕೊಂಡು ಶಾಂತಿಗ್ರಾಮಕ್ಕೆ ಹೋದೆವು. ಅಣ್ಣ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಮಕ್ಕಳಿಬ್ಬರೂ ಹಾಸ್ಟೆಲ್ಲಿನಲ್ಲಿ. ಒಳಗೆ ಒಲೆ ತಣ್ಣಗಿತ್ತು.

‘ಅತ್ತಿಗೆ ಎಲ್ಲಣ್ಣಾ?’

‘ಒಳೇನರಸೀಪುರಕ್ಕೆ ಕಳಿಸ್ದೆ ಕಣೆ, ಅವಳ ತಮ್ಮನ ಮನೆಗೆ. ಸುದಾರಿಸ್ಕಂಡು ಬರ್ಲಿ. ಇಲ್ಲಿ ಯಾರವ್ರೆ ನೋಡ್ಕಳಕ್ಕೆ?’

ನನ್ನಣ್ಣ. ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ನಾನು ಕೂರಲಿಲ್ಲ, ನೀರೂ ಕುಡಿಯಲಿಲ್ಲ. ಇಬ್ಬರೂ ಹಾಗೇ ಬಸ್ಸು ಹತ್ತಿದೆವು.

ಹೊಳೆನರಸೀಪುರದ ಆ ಮನೆಯಲ್ಲಿ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವಳು ತಮ್ಮನ ಹೆಂಡತಿ, ಕಂಕುಳಲ್ಲೊಂದು ಕೂಸು. ಅತ್ತಿಗೆ ಇಳಿದು ಹೋಗಿದ್ದರು. ನನ್ನನ್ನು ನೋಡಿ ನಿಧಾನಕ್ಕೆ ಈ ಕಡೆ ಹೊರಳಿದರು.

‘ಟ್ರಂಕ್ ತಂದಿಲ್ಲ ಕಣೆ, ಬರೀ ಚೀಲ’ ಎಂದರು. ಆಮೇಲೆ, ‘ನಿನ್ ಪರ ಮಾತಾಡಕ್ಕೆ ನಾನಿದ್ದೆ. ನಂಗ್ಯಾರಿದ್ರು ಏಳವ್ವ?’

ನಮ್ಮ ಮನೆಗೆ ಬನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ಅತ್ತಿಗೆ ಬೇಡವೆಂದು ತಲೆಯಾಡಿಸಿದರು. ‘ಇಲ್ಲೂ ಒಬ್ಳು ಎಂಗಸು, ಅಲ್ಲಿ ನೀನು. ಯಾರ ಮನೇನೂ ಬ್ಯಾಡ. ನಂಗೆ ನಮ್ಮನೆ ಇಲ್ವಾ?’

ಇವರು ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಗೂಟದಲ್ಲಿದ್ದ ಚೀಲ ತೆಗೆದುಕೊಂಡರು. ‘ನಡೀರವ್ವ, ವ್ಯಾನ್ ಮಾಡ್ಕಂಡು ಬತ್ತೀನಿ’ ಎಂದರು.

ಸಂಜೆ ಇಳಿಯುವ ಹೊತ್ತಿಗೆ ಶಾಂತಿಗ್ರಾಮದ ಮನೆ ಮುಂದೆ ವ್ಯಾನು ನಿಂತಿತು. ಅಣ್ಣ ಪೇಪರು ಹಿಡಿದೇ ಎದ್ದು ನಿಂತ. ಇವರು ಅತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಣ್ಣನನ್ನು ಹಾದು ಒಳಗೆ ಹೋಗಿ ಅವರ ಮಂಚದ ಮೇಲೆಯೇ ಮಲಗಿಸಿದರು. ‘ಭಾವ, ಎತ್ತಾದು ಇಳಿಸಾದು ನಾನು ತೋರಿಸ್ಕೊಡ್ತೀನಿ. ನಾಳಿಂದ ನೀವೆ’ ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚುತ್ತೇನೆಂದು ಕಾಯುತ್ತಿದ್ದ.

‘ಅಣ್ಣಾ, ಅತ್ತಿಗೆಗೆ ಕುಡಿಯಕ್ಕೆ ನೀರು ಕಾಯ್ಸು’ ಎಂದೆ.

ಅವನು ನಿಂತೇ ಇದ್ದ. ಅವನು ಸಿಟ್ಟಾಗುತ್ತಾನೆ, ಎಲ್ಲರನ್ನೂ ಆಚೆ ನಡೆಯಿರಿ ಎನ್ನುತ್ತಾನೆ ಎಂದುಕೊಂಡೆ. ಹಾಗೆ ಅಂದಿದ್ದರೆ ಅತ್ತಿಗೆಯನ್ನು ಮತ್ತೆ ಎಲ್ಲಿಗೆ ಎತ್ತಿಕೊಂಡು ಹೋಗುವುದೆಂದು ನನಗೆ ಗೊತ್ತಿರಲಿಲ್ಲ. ಅವನು ಅಡುಗೆಮನೆ ಬಾಗಿಲ ತನಕ ಹೋಗಿ ತಿರುಗಿದ.

‘ಯಾವ ಪಾತ್ರೇಲಿ ಕಾಯ್ಸದು?’ ಎಂದು ಹೆಂಡತಿಯನ್ನು ಕೇಳಿದ.

ಅವನು ಹುಟ್ಟಿ ಬೆಳೆದ ಮನೆ ಅದು. ಅತ್ತಿಗೆ ಕಣ್ಣು ತೆರೆಯದೆ ಹೇಳಿದರು: ‘ವಳಿಕ್ಕೋಗಿ ನೋಡಿ. ಕಾಣ್ತದೆ.’

ಅಣ್ಣ ಒಳಗೆ ಹೋದ. ಒಂದು ಪಾತ್ರೆ ಬಿತ್ತು, ಆಮೇಲೆ ಇನ್ನೊಂದು. ನಾವು ಮೂವರೂ ಕೇಳಿಸಿಕೊಳ್ಳುತ್ತ ಇದ್ದೆವು. ಯಾರೂ ಎದ್ದು ಹೋಗಲಿಲ್ಲ.